ಚಾಪೆಯ ಮೇಲೆ ಒಂದು ಗಂಟೆ, ತಟ್ಟೆಯ ಮುಂದೆ ಇಪ್ಪತ್ತು ನಿಮಿಷ

(ಮೈಸೂರಿನಲ್ಲಿ ಯೋಗ ಕಲಿಯುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ನನ್ನ ತರಗತಿಗೆ ಹೊಸದಾಗಿ ಸೇರುವವರಿಗೆ ಒಂದು ಚಿಕ್ಕ ಫಾರಂ ಕೊಡುತ್ತೇನೆ. ಹೆಸರು, ವಯಸ್ಸು, ಬಿಪಿ ಇದೆಯಾ, ಶುಗರ್ ಇದೆಯಾ, ಆಪರೇಷನ್ ಏನಾದರೂ ಆಗಿದೆಯಾ ಅಂತ. ಕೊನೆಯಲ್ಲಿ ಒಂದು ಸಾಲು: ಯಾಕೆ ಸೇರುತ್ತಿದ್ದೀರಿ? ಹದಿನೆಂಟು ವರ್ಷದಿಂದ ಆ ಸಾಲು ಓದುತ್ತಿದ್ದೇನೆ. ಅಲ್ಲಿ ಜಾಸ್ತಿ ಸಲ ಕಂಡಿದ್ದು ಎರಡೇ ಪದ. ತೂಕ ಇಳಿಸಲು.

ಅದರಲ್ಲಿ ತಪ್ಪೇನೂ ಇಲ್ಲ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಮಂಡಿ ನೋಯುತ್ತದೆ, ಡಾಕ್ಟರು ಹೇಳಿದ್ದಾರೆ, ಬಂದಿದ್ದಾರೆ. ಆದರೆ ಹಾಗೆ ಬಂದವರಲ್ಲಿ ಬಹಳ ಜನ ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಬಂದೆ, ಮುಳ್ಳು ಒಂದು ಕಿಲೋನೂ ಕದಲಲಿಲ್ಲ ಅಂತ ಬೇಸರ. ಆ ಬೇಸರಕ್ಕೆ ಅರ್ಧ ಕಾರಣ ನಮ್ಮಂಥ ಕಲಿಸುವವರೇ. ಲೆಕ್ಕವನ್ನು ಮೊದಲೇ ನಿಜವಾಗಿ ಹೇಳಬೇಕಿತ್ತು. ಅದಕ್ಕೇ ಇವತ್ತು ಲೆಕ್ಕದಿಂದ ಶುರು ಮಾಡುತ್ತೇನೆ.

ನೀವು 70 ಕಿಲೋ ಇದ್ದೀರಿ ಅಂದುಕೊಳ್ಳಿ. ಒಂದು ಗಂಟೆ ಸುಮ್ನೆ ಕೂತರೂ ಮೈ ಸುಮಾರು 70 ಕ್ಯಾಲೊರಿ ಖರ್ಚು ಮಾಡುತ್ತದೆ. ಉಸಿರಾಡಬೇಕು, ಹೃದಯ ಬಡಿಯಬೇಕು, ಮೈ ಬೆಚ್ಚಗಿರಬೇಕು, ಅದಕ್ಕೆ. ನಾವು ಸಾಮಾನ್ಯವಾಗಿ ಮಾಡುವ ಹಠಯೋಗ, ಅಂದರೆ ಒಂದೊಂದು ಆಸನದಲ್ಲಿ ನಿಂತು, ಉಸಿರು ನೋಡಿ, ನಡುವೆ ವಿಶ್ರಾಂತಿ ತೆಗೆದುಕೊಂಡು ಮಾಡುವುದು, ಸುಮ್ನೆ ಕೂತದ್ದರ ಎರಡೂವರೆ ಪಟ್ಟು ಅಂತ ಲೆಕ್ಕ. ಅಂದರೆ 175. ಕೂತಿದ್ದರೂ 70 ಹೋಗುತ್ತಿತ್ತಲ್ಲ, ಅದನ್ನು ಕಳೆಯಿರಿ. ಯೋಗದಿಂದ ಹೆಚ್ಚಿಗೆ ಖರ್ಚಾದದ್ದು ಸುಮಾರು 105 ಕ್ಯಾಲೊರಿ.

ಈಗ ಅಡುಗೆಮನೆಗೆ ಬನ್ನಿ. 15 ಮಿಲಿ ಹಿಡಿಯುವ ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಕಡಲೆಕಾಯಿ ಎಣ್ಣೆಯಾದರೂ ಅಷ್ಟೇ, ಸೂರ್ಯಕಾಂತಿ ಆದರೂ ಅಷ್ಟೇ, ಕೊಬ್ಬರಿ ಎಣ್ಣೆಯಾದರೂ ಅಷ್ಟೇ. ಚಾಪೆಯ ಮೇಲೆ ಒಂದು ಗಂಟೆ ಮಾಡಿದ್ದನ್ನು ಒಗ್ಗರಣೆಯ ಒಂದು ಚಮಚ ತುಂಬಿಕೊಡುತ್ತದೆ.

ಮೈಯಲ್ಲಿರುವ ಒಂದು ಕಿಲೋ ಬೊಜ್ಜು ಅಂದರೆ ಸುಮಾರು 7,700 ಕ್ಯಾಲೊರಿ. ತಿಂಗಳಲ್ಲಿ 26 ದಿನ ತಪ್ಪದೆ ತರಗತಿಗೆ ಬಂದರೆ 2,730 ಕ್ಯಾಲೊರಿ ಆಯಿತು. ಊಟದಲ್ಲಿ ಏನೂ ಬದಲಾಗದಿದ್ದರೆ ಅದು 350 ಗ್ರಾಂ ಬೊಜ್ಜು. ಬಚ್ಚಲುಮನೆಯ ತೂಕದ ಯಂತ್ರ ಅಷ್ಟನ್ನು ಸರಿಯಾಗಿ ತೋರಿಸುವುದೂ ಕಷ್ಟ. ಬೆಳಗ್ಗೆ ಕುಡಿದ ಎರಡು ಲೋಟ ನೀರಿನ ತೂಕ ಅದಕ್ಕಿಂತ ಜಾಸ್ತಿ ಇರುತ್ತದೆ.

ಸೂರ್ಯನಮಸ್ಕಾರ ಮಾಡಿದರೆ ಅಂತ ಕೇಳುತ್ತೀರಿ. ನಿಲ್ಲಿಸದೆ ಮಾಡಿದರೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಬಿರುಸಾಗಿ ನಡೆದರೆ ನಾಲ್ಕು ಪಟ್ಟಿನ ಆಸುಪಾಸು. ಹೌದು, ಕ್ಯಾಲೊರಿ ಖರ್ಚು ಮಾಡುವುದೊಂದೇ ನಿಮ್ಮ ಗುರಿಯಾದರೆ ಕುಕ್ಕರಹಳ್ಳಿ ಕೆರೆ ಸುತ್ತ ಬಿರುಸಾಗಿ ನಡೆಯುವುದೇ ಮೇಲು. ಯೋಗ ಕಲಿಸುವವಳು ಹೀಗೆ ಹೇಳಬಹುದಾ ಅಂತ ಕೆಲವರಿಗೆ ಅನ್ನಿಸಬಹುದು. ಹೇಳಲೇಬೇಕು ಅನ್ನುವುದು ನನ್ನ ನಂಬಿಕೆ. ನನ್ನ ತರಗತಿಯವರಿಗೆ ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆಯಿರಿ ಅಂತ ಹೇಳಿಯೇ ಹೇಳುತ್ತೇನೆ.

ಹಾಗಾದರೆ ಯೋಗದಿಂದ ತೂಕ ಇಳಿಯುವುದಿಲ್ಲವಾ? ಇಳಿಯುತ್ತದೆ. ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಇಳಿಯುವ ದಾರಿ ಬೇರೆ.

ಆ ದಾರಿ ಹೇಳುವ ಮೊದಲು ಒಂದು ಪ್ರಶ್ನೆ ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲಿ ಹೋದರೂ ಇದನ್ನು ಕೇಳುತ್ತಾರೆ. ಕಪಾಲಭಾತಿ, ಅಂದರೆ ಹೊಟ್ಟೆ ಒಳಗೆಳೆದು ಉಸಿರನ್ನು ಮತ್ತೆ ಮತ್ತೆ ಹೊರಗೆ ದಬ್ಬುವುದು, ಮಾಡಿದರೆ ಹೊಟ್ಟೆ ಕರಗುತ್ತದಾ? ನೌಕಾಸನ ಮಾಡಿದರೆ? ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ನಿಲುವು ನೆಟ್ಟಗಾಗುತ್ತದೆ. ಹಾಗಾಗಿ ಹೊಟ್ಟೆ ಸ್ವಲ್ಪ ಒಳಗೆ ಹೋದಂತೆ ಕಾಣುತ್ತದೆ. ಆದರೆ ಸ್ನಾಯುವಿನ ಮೇಲೆ ಕೂತ ಬೊಜ್ಜು ನಾವು ಅಲುಗಾಡಿಸಿದ ಜಾಗದಿಂದಲೇ ಹೋಗುವುದಿಲ್ಲ. ಮೈ ಎಲ್ಲಿಂದ ಬೇಕೋ ಅಲ್ಲಿಂದ ತೆಗೆಯುತ್ತದೆ. ಕೆಲವರಿಗೆ ಮೊದಲು ಮುಖ ಇಳಿಯುತ್ತದೆ, ಹೊಟ್ಟೆ ಕೊನೆಗೆ.

ಬೊಜ್ಜು ಕರಗಿ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದೀರಾ? ಬೆವರಲ್ಲಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೆವರು ನೀರು, ಉಪ್ಪು, ಅಷ್ಟೇ. 10 ಕಿಲೋ ಬೊಜ್ಜು ಪೂರ್ತಿ ಖರ್ಚಾದರೆ ಅದರಲ್ಲಿ ಸುಮಾರು 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ, ಬಾಯಿಂದ ಹೊರಗೆ ಹೋಗುತ್ತದೆ. ಉಳಿದದ್ದು ನೀರಾಗುತ್ತದೆ. ಅಂದರೆ ಬೊಜ್ಜನ್ನು ನಾವು ಉಸಿರಲ್ಲಿ ಬಿಡುತ್ತೇವೆ! ನನಗೆ ಇದು ಮೊದಲು ಗೊತ್ತಾದಾಗ ಆದ ಆಶ್ಚರ್ಯ ಇನ್ನೂ ಹೋಗಿಲ್ಲ. ಹಾಗಂತ ಜೋರಾಗಿ ಉಸಿರು ಬಿಟ್ಟರೆ ಬೇಗ ಇಳಿಯುತ್ತೇವೆ ಅಂತಲ್ಲ. ಒಳಗೆ ಸುಟ್ಟಷ್ಟೇ ಹೊರಗೆ ಹೋಗುವುದು. ಕೂತಲ್ಲೇ ಉಸಿರನ್ನು ದಬ್ಬಿದರೆ ತಲೆ ಸುತ್ತುತ್ತದೆ, ಬೊಜ್ಜು ಅಲ್ಲೇ ಇರುತ್ತದೆ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು, ಬಸುರಿಯರು ಕಪಾಲಭಾತಿ ಮಾಡಬೇಡಿ. ಟಿವಿಯಲ್ಲಿ ನೋಡಿ ಮಾಡಲೇಬೇಡಿ.

ಈಗ ದಾರಿಯ ಮಾತು. ಹಠಯೋಗ ಪ್ರದೀಪಿಕೆ ಅಂತ ಒಂದು ಹಳೆಯ ಗ್ರಂಥ ಇದೆ, ಸ್ವಾತ್ಮಾರಾಮ ಬರೆದದ್ದು. ಅದರಲ್ಲಿ ಯೋಗ ಕೈಗೂಡಿದವರ ಲಕ್ಷಣ ಹೇಳುವಾಗ ಮೊದಲನೆಯದಾಗಿ ಮೈ ತೆಳ್ಳಗಾಗುವುದನ್ನೇ ಹೇಳಿದೆ. ಆಮೇಲೆ ಮುಖದಲ್ಲಿ ಗೆಲುವು, ತಿಳಿಯಾದ ದನಿ, ನಿರ್ಮಲ ಕಣ್ಣು ಅಂತ ಮುಂದುವರಿಯುತ್ತದೆ. ಹಾಗಾಗಿ ತೂಕ ಇಳಿಸಲು ಅಂತ ಫಾರಂನಲ್ಲಿ ಬರೆದವರು ನಾಚಿಕೊಳ್ಳಬೇಕಿಲ್ಲ. ಆದರೆ ಅದೇ ಗ್ರಂಥ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನೂ ಹೇಳುತ್ತದೆ. ಆ ಆರರಲ್ಲಿ ಮೊದಲನೆಯದು ಯಾವುದು ಗೊತ್ತಾ? ಅತ್ಯಾಹಾರ. ಅತಿಯಾಗಿ ತಿನ್ನುವುದು.

ಎರಡನೆಯದು ಪ್ರಯಾಸ, ಮೈಯನ್ನು ಅತಿಯಾಗಿ ದಂಡಿಸುವುದು. ರಥಸಪ್ತಮಿಯ ದಿನ 108 ಸೂರ್ಯನಮಸ್ಕಾರ ಮಾಡುತ್ತಾರಲ್ಲ, ವರ್ಷವಿಡೀ ಅಭ್ಯಾಸ ಇರುವವರು ಮಾಡಿದರೆ ಅದು ಚೆಂದ. ಹಿಂದಿನ ವಾರ ಸೇರಿದವರು, 85 ಕಿಲೋ ಇರುವವರು, ತಿಂಗಳ ಬೊಜ್ಜು ಒಂದೇ ದಿನ ಇಳಿಸುತ್ತೇನೆ ಅಂತ ಮಾಡಿದರೆ ಮಣಿಕಟ್ಟು, ಭುಜ, ಸೊಂಟ ಮೂರೂ ಹಿಡಿದುಕೊಳ್ಳುತ್ತವೆ. ಮುಂದಿನ ಹದಿನೈದು ದಿನ ತರಗತಿಗೇ ಬರುವುದಿಲ್ಲ. ನಾನು ಕಲಿಯುತ್ತಿದ್ದ ಕಾಲದಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ದಪ್ಪ ಮೈಯ ಹೆಂಗಸೊಬ್ಬರು ಇದ್ದರು. ಎಲ್ಲರೂ ಮಾಡುತ್ತಿದ್ದಾರೆ ಅಂತ ಅವರಿಗೂ ಹಲಾಸನ, ಅಂದರೆ ಅಂಗಾತ ಮಲಗಿ ಕಾಲನ್ನು ತಲೆಯ ಹಿಂದಕ್ಕೆ ಒಯ್ಯುವ ಆಸನ, ಮಾಡಿಸಿದರು. ಹೊಟ್ಟೆಯ ಭಾರವೆಲ್ಲ ಎದೆ, ಕತ್ತಿನ ಮೇಲೆ ಬಂತು. ಉಸಿರು ಕಟ್ಟಿ ಕಣ್ಣಲ್ಲಿ ನೀರು ಬಂದದ್ದು ನನಗೆ ಕಾಣುತ್ತಿತ್ತು. ಕತ್ತು ನೋವಿನಿಂದ ಅವರು ವಾರಗಟ್ಟಲೆ ನರಳಿದರು. ಮತ್ತೆ ಯೋಗದ ಕಡೆ ತಲೆ ಹಾಕಲಿಲ್ಲ. ಆ ಮುಖ ನನ್ನ ಮನಸ್ಸಲ್ಲಿ ಉಳಿದುಬಿಟ್ಟಿದೆ. ಅದಕ್ಕೇ ನನ್ನ ತರಗತಿಯಲ್ಲಿ ತೂಕ ಜಾಸ್ತಿ ಇರುವವರಿಗೆ ಮೊದಲ ಆರು ತಿಂಗಳು ಹಲಾಸನ, ಸರ್ವಾಂಗಾಸನ, ಶೀರ್ಷಾಸನ ಇಲ್ಲ. ಕೇಳಿದರೂ ಇಲ್ಲ.

ನಾಲ್ಕನೆಯದು ನಿಯಮಾಗ್ರಹ. ಈ ಪದವನ್ನು ಎರಡು ಥರ ಬಿಡಿಸಬಹುದು. ನಿಯಮಕ್ಕೆ ಜೋತುಬೀಳುವುದು ಅಂತಲೂ ಆಗುತ್ತದೆ, ನಿಯಮವನ್ನು ಹಿಡಿಯದೆ ಇರುವುದು ಅಂತಲೂ ಆಗುತ್ತದೆ. ತೂಕ ಇಳಿಸಲು ಹೊರಟವರು ಎರಡನ್ನೂ ಮಾಡುವುದನ್ನು ನೋಡಿದ್ದೇನೆ. ಸೋಮವಾರದಿಂದ ಅನ್ನವನ್ನೇ ಮುಟ್ಟುವುದಿಲ್ಲ ಅನ್ನುತ್ತಾರೆ. ಗುರುವಾರ ಮದುವೆ ಮನೆಯಲ್ಲಿ ಮೂರು ಹೋಳಿಗೆ ತಿಂದು, ಇನ್ನು ಕೆಟ್ಟಿತಲ್ಲ ಅಂತ ಪೂರ್ತಿ ಕೈಬಿಡುತ್ತಾರೆ.

ಅತ್ಯಾಹಾರದ ಎದುರಿಗೆ ಆ ಗ್ರಂಥ ಇಡುವುದು ಮಿತಾಹಾರವನ್ನು. ಹೊಟ್ಟೆಯ ಕಾಲು ಭಾಗ ಖಾಲಿ ಬಿಟ್ಟು ತಿನ್ನಬೇಕು ಅಂತ ಹೇಳುತ್ತದೆ. ಉಪವಾಸ ಮಾಡು ಅನ್ನುವುದಿಲ್ಲ. ಒಣಗಿದ್ದು ತಿನ್ನು ಅನ್ನುವುದಿಲ್ಲ. ಸಿಹಿಯಾದ, ಜಿಡ್ಡಿನ ಅಂಶ ಇರುವ ಊಟವನ್ನೇ ಹೇಳುತ್ತದೆ, ಆದರೆ ಕಾಲು ಭಾಗ ಬಿಡು. ಈಗ ನಿಮಗೆ ಒಂದು ಪ್ರಶ್ನೆ. ನಿಮ್ಮ ಹೊಟ್ಟೆ ಮುಕ್ಕಾಲು ತುಂಬಿದ್ದು ನಿಮಗೆ ಗೊತ್ತಾಗುತ್ತದಾ? ನೆನ್ನೆ ರಾತ್ರಿ ಗೊತ್ತಾಯಿತಾ?

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ನಾವು ಹತ್ತೇ ನಿಮಿಷದಲ್ಲಿ ಊಟ ಮುಗಿಸಿರುತ್ತೇವೆ, ಮೊಬೈಲ್ ನೋಡುತ್ತಾ. ಯೋಗ ನಿಜವಾಗಿ ಕೆಲಸ ಮಾಡುವುದು ಇಲ್ಲಿ. ದಿನಾ ಒಂದು ಗಂಟೆ ಮೈಯೊಳಗೆ ಏನಾಗುತ್ತಿದೆ ಅಂತ ನೋಡುವ ಅಭ್ಯಾಸ ಅದು. ತ್ರಿಕೋನಾಸನದಲ್ಲಿ ನಿಂತಾಗ ತೊಡೆಯ ಯಾವ ಭಾಗ ಹಿಗ್ಗುತ್ತಿದೆ, ಉಸಿರು ಎಲ್ಲಿ ತಡೆಯುತ್ತಿದೆ, ಸಾಕು ಅಂತ ಮೈ ಹೇಳುವುದು ಯಾವಾಗ. ಈ ಸಾಕು ಅನ್ನುವ ಮಾತನ್ನು ಚಾಪೆಯ ಮೇಲೆ ಕೇಳಿ ಅಭ್ಯಾಸವಾದವರಿಗೆ ತಟ್ಟೆಯ ಮುಂದೆಯೂ ಅದು ಕೇಳಿಸಲು ಶುರುವಾಗುತ್ತದೆ. ಒಂದೇ ವಾರದಲ್ಲಿ ಅಲ್ಲ. ನನಗೆ ಕಂಡ ಹಾಗೆ ಮೂರು, ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ಅರ್ಧ ಜನ ಬಿಟ್ಟು ಹೋಗಿರುತ್ತಾರೆ ಅನ್ನುವುದೇ ನನ್ನ ಸಂಕಟ.

ನನ್ನ ತರಗತಿಯ ಒಬ್ಬರ ವಿಷಯ ಹೇಳುತ್ತೇನೆ. ನಲವತ್ತೈದು ದಾಟಿದ ಗೃಹಿಣಿ. ಮನೆಯಲ್ಲಿ ಆರು ಜನ. ಎಲ್ಲರಿಗೂ ಬಡಿಸಿ ಕೊನೆಗೆ ಊಟ ಮಾಡುತ್ತಿದ್ದರು, ಅದೂ ಅಡುಗೆಮನೆ ಕಟ್ಟೆಗೆ ಒರಗಿ ನಿಂತುಕೊಂಡು. ಪಾತ್ರೆಯಲ್ಲಿ ಒಂದು ಸೌಟು ಅನ್ನ ಉಳಿದರೆ ಅದೂ ಅವರಿಗೇ, ಮಗ ಬಿಟ್ಟ ಅರ್ಧ ದೋಸೆಯೂ ಅವರಿಗೇ. ಹಾಳಾಗಬಾರದಲ್ಲ ಮೇಡಂ ಅನ್ನುತ್ತಿದ್ದರು. ನಾನೇನು ಡಯಟ್ ಚಾರ್ಟ್ ಕೊಡಲಿಲ್ಲ. ಒಂದೇ ಹೇಳಿದೆ: ಅಮ್ಮ, ತರಗತಿಯಲ್ಲಿ ಸುಖಾಸನದಲ್ಲಿ ಕೂರುತ್ತೀರಲ್ಲ, ಮನೆಯಲ್ಲಿ ಹಾಗೇ ಕೂತು, ನಿಮ್ಮದೇ ತಟ್ಟೆಗೆ ಬಡಿಸಿಕೊಂಡು ಊಟ ಮಾಡಿ. ಕೂತ ಮೇಲೆ ಮೂರು ಉಸಿರು ನಿಧಾನ ತೆಗೆದುಕೊಳ್ಳಿ, ಆಮೇಲೆ ಕೈ ಹಾಕಿ. ಒಂದು ವಾರ ಆದ ಮೇಲೆ ಅವರು ಬಂದು ಹೇಳಿದ್ದು ಇದು: ಮದುವೆಯಾಗಿ ಬಂದ ಮೇಲೆ ಮನೆಯಲ್ಲಿ ನಾನು ಕೂತು ಊಟ ಮಾಡಿದ್ದು ಇದೇ ಮೊದಲು. ಹೇಳುವಾಗ ಅವರ ಕಣ್ಣು ತುಂಬಿತ್ತು, ನನ್ನದೂ. ಹತ್ತು ತಿಂಗಳಲ್ಲಿ 78 ಇದ್ದವರು 71 ಆದರು. ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನವಾಗಿ ಎಲ್ಲರ ತಟ್ಟೆಗೂ ಹೋಗುತ್ತಿತ್ತು. ಇಲ್ಲಿ ಬಂದಿರುವ ಗಂಡಸರಿಗೆ ಒಂದು ಮಾತು. ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು, ಎಲ್ಲಿ ನಿಂತು ಮಾಡುತ್ತಾರೆ ಅಂತ ಇವತ್ತು ರಾತ್ರಿ ಸ್ವಲ್ಪ ನೋಡಿ.

ಇನ್ನೊಬ್ಬರು ಬಸ್ ಡ್ರೈವರ್. ರಾತ್ರಿ ಪಾಳಿ. ಬೆಳಗ್ಗೆ ಬಂದು ನಾಲ್ಕು ಗಂಟೆ ನಿದ್ದೆ, ಎದ್ದ ಕೂಡಲೇ ವಿಪರೀತ ಹಸಿವು. ನಿದ್ದೆ ಕಡಿಮೆಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿಯಾಗುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನು ಕಡಿಮೆಯಾಗುತ್ತದೆ. ಆಗ ಬೇಕೆನಿಸುವುದು ಸಿಹಿ, ಕರಿದದ್ದು. ಮನಸ್ಸು ಗಟ್ಟಿ ಇಲ್ಲ ಅಂತ ಅವರನ್ನು ಬೈದು ಪ್ರಯೋಜನ ಇಲ್ಲ. ಅವರಿಗೆ ನಾನು ಆಸನ ಕಲಿಸಿದ್ದು ಕಡಿಮೆ. ಮಲಗುವ ಮುಂಚೆ ಹತ್ತು ನಿಮಿಷ ನಾಡೀಶೋಧನ, ಅಂದರೆ ಒಂದೊಂದೇ ಮೂಗಿನ ಹೊಳ್ಳೆಯಿಂದ ನಿಧಾನವಾಗಿ ಉಸಿರಾಡುವುದು, ಕಾಲು ಗೋಡೆಗೆ ಎತ್ತಿ ಮಲಗುವುದು, ಆಮೇಲೆ ಮಲಗಿದಲ್ಲೇ ಮೈಯನ್ನು ಭಾಗ ಭಾಗವಾಗಿ ಸಡಿಲ ಬಿಡುವ ಯೋಗನಿದ್ರೆ. ನಿದ್ದೆ ನಾಲ್ಕು ಗಂಟೆಯಿಂದ ಆರು ಗಂಟೆಗೆ ಏರಿತು. ತೂಕ ಆಮೇಲೆ ತಾನಾಗಿ ಇಳಿಯತೊಡಗಿತು, ನಿಧಾನವಾಗಿ.

ನಾವು ಮೈಸೂರಿನವರು, ಒಂದು ಹಳೆಯ ಮಾತು ಹೇಳದೆ ಮುಂದೆ ಹೋಗಲಾರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಕಲಿಸಿದವರು ತಿರುಮಲೈ ಕೃಷ್ಣಮಾಚಾರ್ಯರು, ಚಿತ್ರದುರ್ಗದ ಕಡೆಯವರು. ಹಾಸನದ ಹತ್ತಿರದ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ ಅವರ ಶಿಷ್ಯರೇ. ಅಯ್ಯಂಗಾರ್ಯರು 1934ರಲ್ಲಿ ಭಾವ ಕೃಷ್ಣಮಾಚಾರ್ಯರ ಮನೆಗೆ ಬಂದಾಗ ಸಣಕಲು ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಆಗಿ ಬಡಕಲಾಗಿದ್ದರು. ಆ ಮೈಗೆ ಯೋಗ ಬಲ ತುಂಬಿತು. ಯೋಗ ಬರೀ ಇಳಿಸುವುದಕ್ಕೆ ಅಂತ ನನಗೆ ಅನ್ನಿಸದೇ ಇರುವುದು ಇದರಿಂದಲೇ. ಮುಂದೆ ಅವರು ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ದಿಂಬು ಇಟ್ಟುಕೊಂಡು ಮಾಡುವ ಕ್ರಮವನ್ನು ಬೆಳೆಸಿದರು. ಇದು ದಪ್ಪ ಇರುವವರಿಗೆ ದೊಡ್ಡ ಉಪಕಾರ. ಕೈ ನೆಲಕ್ಕೆ ಮುಟ್ಟದಿದ್ದರೆ ಇಟ್ಟಿಗೆಗೆ ಮುಟ್ಟಲಿ. ಹೊಟ್ಟೆ ಅಡ್ಡ ಬಂದು ಬಗ್ಗಲಾಗದಿದ್ದರೆ ಕಾಲು ಅಗಲ ಮಾಡಿ. ಅದು ಸೋಲಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ವಾರಕ್ಕೆ ಐದು ದಿನ 45 ನಿಮಿಷ ಸಾಕು. ಮೊದಲು ಕೀಲುಗಳನ್ನು ಸಡಿಲಿಸುವುದು. ಆಮೇಲೆ ನಿಂತು ಮಾಡುವ ಆಸನಗಳಿಗೆ ಹೆಚ್ಚು ಹೊತ್ತು ಕೊಡಿ: ಉತ್ಕಟಾಸನ, ವೀರಭದ್ರಾಸನ, ತ್ರಿಕೋನಾಸನ. ತೊಡೆ, ಪೃಷ್ಠದ ಸ್ನಾಯುಗಳು ಮೈಯಲ್ಲೇ ದೊಡ್ಡವು, ಅವು ಕೆಲಸ ಮಾಡಬೇಕು. ವಯಸ್ಸಾದಂತೆ ಸ್ನಾಯು ಸವೆಯುತ್ತದೆ. ಊಟ ಕಡಿಮೆ ಮಾಡಿದಾಗ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳುವುದೇ ಈ ಆಸನಗಳ ಕೆಲಸ. ಸೂರ್ಯನಮಸ್ಕಾರ ನಾಲ್ಕರಿಂದ ಶುರು ಮಾಡಿ ವಾರಕ್ಕೆ ಎರಡು ಹೆಚ್ಚಿಸಿ. ಮಾಡುವಾಗ ಪಕ್ಕದವರ ಜೊತೆ ಒಂದು ವಾಕ್ಯ ಮಾತಾಡಲು ಆಗಬೇಕು. ಆಗದಷ್ಟು ಏದುಸಿರು ಬಂದರೆ ನಿಧಾನ ಮಾಡಿ. ಶವಾಸನ ಬಿಟ್ಟು ಆಫೀಸಿಗೆ ಓಡಬೇಡಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡುವ ಮೊದಲು ಡಾಕ್ಟರನ್ನು ಕೇಳಿ. ಥೈರಾಯ್ಡ್ ಮಾತ್ರೆಯನ್ನು ಯೋಗದ ಹೆಸರಲ್ಲಿ ನಿಲ್ಲಿಸಬೇಡಿ.

ಅಡುಗೆಮನೆಯಲ್ಲಿ ಒಂದೇ ಒಂದು ಅಳತೆ ಇಟ್ಟುಕೊಳ್ಳಿ, ಎಣ್ಣೆಯದು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಕ್ಯಾನು ಖಾಲಿಯಾಗುತ್ತಿದೆ ಅಂದುಕೊಳ್ಳಿ. ಅದನ್ನು ಮೂರಕ್ಕೆ ತಂದರೆ ಒಬ್ಬೊಬ್ಬರಿಗೂ ತಿಂಗಳಿಗೆ ಸುಮಾರು 4,000 ಕ್ಯಾಲೊರಿ ಕಡಿಮೆಯಾಯಿತು. ಅರ್ಧ ಕಿಲೋ ಬೊಜ್ಜು. ಆಗಲೇ ಹೇಳಿದ 26 ದಿನದ ತರಗತಿಗಿಂತ ಜಾಸ್ತಿ. ಎರಡೂ ಸೇರಿದರೆ ನೋಡಿ, ತಿಂಗಳಿಗೆ ಮುಕ್ಕಾಲು ಕಿಲೋ ದಾಟಿತು, ಯಾರೂ ಹಸಿದುಕೊಂಡು ಇರಲಿಲ್ಲ. ಅನ್ನ ಬಿಡಬೇಕಾಗಿಲ್ಲ, ಮುದ್ದೆ ಬಿಡಬೇಕಾಗಿಲ್ಲ. ಅನ್ನದಷ್ಟೇ ಪಲ್ಯ ಇರಲಿ, ಕೋಸಂಬರಿ ಇರಲಿ. ಮೊಳಕೆ ಕಾಳಿನ ಬಸ್ಸಾರು ಮಾಡಿದ ದಿನ ಕಾಳನ್ನು ಜಾಸ್ತಿ ಬಡಿಸಿಕೊಳ್ಳಿ.

ತೂಕದ ಯಂತ್ರವನ್ನು ವಾರಕ್ಕೊಂದು ಸಲ ನೋಡಿ, ಸಾಕು. ಅದಕ್ಕಿಂತ ಟೈಲರ್ ಟೇಪು ಒಳ್ಳೆಯದು. ನಮ್ಮ ದೇಶದವರಿಗೆ ಕೈಕಾಲು ತೆಳ್ಳಗಿದ್ದು ಹೊಟ್ಟೆಯೊಳಗೆ ಬೊಜ್ಜು ಸೇರುವುದು ಜಾಸ್ತಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅಂತ ಡಾಕ್ಟರುಗಳು ಹೇಳುವುದು ಅದಕ್ಕೇ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆಯಬೇಡಿ. ತಿಂಗಳಿಗೊಂದು ಸಲ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ.

ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯವರು ಒಂದು ಚೀಟಿ ಕಳಿಸಿದ್ದಾರೆ. ಮಂಡಿ ನೋವಿದೆ, ನೆಲಕ್ಕೆ ಕೂರಲು ಆಗುವುದಿಲ್ಲ, ನಮಗೇನೂ ಇಲ್ಲವಾ ಅಂತ. ಇದೆ ಅಜ್ಜಿ. ಕುರ್ಚಿಯ ಮೇಲೆ ಕೂತು ಮಾಡುವ ಸೂರ್ಯನಮಸ್ಕಾರ ಇದೆ, ಆರು ಸುತ್ತು ಮಾಡಿದರೆ ನಿಮಗೇ ಮೈ ಬೆಚ್ಚಗಾಗುವುದು ತಿಳಿಯುತ್ತದೆ. ಕುರ್ಚಿಗೆ ತೋಳು ಇರಬಾರದು, ಚಕ್ರ ಇರಬಾರದು, ಗೋಡೆಗೆ ಒತ್ತಿ ಇಟ್ಟಿರಬೇಕು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಇಲ್ಲಿ ಅಂಥ ನಾಲ್ಕು ಕುರ್ಚಿ ಇವೆ. ಮಂಡಿ ನೋವಿರುವವರು ಮುಂದೆ ಬನ್ನಿ, ಈಗಲೇ ಮಾಡಿ ತೋರಿಸುತ್ತೇನೆ. ಕಾಫಿ ಆಮೇಲೆ ಕುಡಿಯೋಣ.